ರನ್‌ವೇ ದೀಪಗಳನ್ನು ವಿಮಾನದಿಂದಲೇ ಬೆಳಗಿಸುವ ಕ್ರಮ

ಅಮೆರಿಕದಲ್ಲಿ ಸಾರ್ವಜನಿಕ ಬಳಕೆಗೆ ತೆರೆದಿರುವ ವಿಮಾನ ನಿಲ್ದಾಣಗಳು ಸುಮಾರು 5,000 ಇವೆ. ಅವುಗಳ ಪೈಕಿ ನಿಯಂತ್ರಣ ಟವರ್ ಇರುವಂಥವು ಐನೂರರ ಆಸುಪಾಸಿನಲ್ಲಿವೆ. ಉಳಿದ ಕಡೆ ಟವರ್ ಇಲ್ಲವೇ ಇಲ್ಲ. ಟವರ್ ಇರುವ ಕಡೆಗಳಲ್ಲಿಯೂ, ಕ್ಯಾಲಿಫೋರ್ನಿಯದ ಪಾಲೊ ಆಲ್ಟೊದಂಥ ನಿಲ್ದಾಣಗಳಲ್ಲಿ, ರಾತ್ರಿಯಾದ ಮೇಲೆ ನಿಯಂತ್ರಕರು ಕೆಲಸ ಮುಗಿಸಿ ಹೊರಡುತ್ತಾರೆ. ಆ ಹೊತ್ತಿನಲ್ಲಿ ಇಳಿಯಲು ಬರುವ ವಿಮಾನಕ್ಕೆ ರನ್‌ವೇ ದೀಪ ಹಾಕಿಕೊಡಲು ನೆಲದ ಮೇಲೆ ಯಾರೂ ಇರುವುದಿಲ್ಲ. ಇಡೀ ರಾತ್ರಿ ದೀಪ ಉರಿಸಿಡುವುದು ವಿದ್ಯುತ್ತಿನ ದೃಷ್ಟಿಯಿಂದಲೂ ಬಲ್ಬುಗಳ ಆಯುಸ್ಸಿನ ದೃಷ್ಟಿಯಿಂದಲೂ ದುಬಾರಿ. ಆದ್ದರಿಂದ ದೀಪ ಹಾಕುವ ಕೆಲಸವನ್ನು ಪೈಲಟ್‌ನ ಕೈಗೇ ಕೊಟ್ಟಿದ್ದಾರೆ. ವಿಮಾನದ ರೇಡಿಯೊದಲ್ಲಿ ಗೊತ್ತುಪಡಿಸಿದ ಫ್ರೀಕ್ವೆನ್ಸಿ ಹಾಕಿ ಮೈಕಿನ ಗುಂಡಿಯನ್ನು ಇಷ್ಟು ಸಲ ಒತ್ತಿದರೆ ಕೆಳಗೆ ದೀಪ ಹೊತ್ತಿಕೊಳ್ಳುತ್ತದೆ. ಪೈಲಟ್‌ಗಳು ಇದನ್ನು ಪಿಸಿಎಲ್, ಅಂದರೆ ಪೈಲಟ್ ಕಂಟ್ರೋಲ್ಡ್ ಲೈಟಿಂಗ್, ಎಂದು ಕರೆಯುತ್ತಾರೆ.

ಭಾರತದಲ್ಲಿ ಹಾರಾಟ ಕಲಿತವರಿಗೆ ಇದು ಹೊಸದು ಅನ್ನಿಸುವುದು ಸಹಜ, ಏಕೆಂದರೆ ನಮ್ಮಲ್ಲಿ ರಾತ್ರಿ ಇಳಿಯಲು ಅವಕಾಶವಿರುವ ನಿಲ್ದಾಣಗಳಲ್ಲಿ ದೀಪದ ಹತೋಟಿ ಸಾಮಾನ್ಯವಾಗಿ ಟವರ್‌ನಲ್ಲಿರುತ್ತದೆ. ತರಬೇತಿಗೆಂದು ಅಮೆರಿಕಕ್ಕೆ ಹೋಗುವ ಕನ್ನಡದ ವಿದ್ಯಾರ್ಥಿಗಳೂ ಅಲ್ಲಿಯೇ ನೆಲೆಸಿ ಖಾಸಗಿ ಪೈಲಟ್ ಪರವಾನಗಿ ಪಡೆಯುವವರೂ ಇದನ್ನು ಮೊದಲ ರಾತ್ರಿ ಪಾಠದಲ್ಲೇ ಎದುರಿಸುತ್ತಾರೆ. ಅಲ್ಲಿನ ಖಾಸಗಿ ಪೈಲಟ್ ಪರವಾನಗಿಗೆ ಮೂರು ಗಂಟೆಗಳ ರಾತ್ರಿ ತರಬೇತಿಯೂ, ವಿಮಾನವನ್ನು ಪೂರ್ತಿ ನಿಲ್ಲಿಸುವ ಹತ್ತು ರಾತ್ರಿ ಲ್ಯಾಂಡಿಂಗ್‌ಗಳೂ ಕಡ್ಡಾಯ. ಆ ಹತ್ತರಲ್ಲಿ ಹಲವನ್ನು ಟವರ್ ಇಲ್ಲದ ಕಡೆಯೇ ಮಾಡುವ ಸಂಭವ ಹೆಚ್ಚು. ಗುಂಡಿ ಒತ್ತುವುದನ್ನು ಯಾರಾದರೂ ಒಂದು ನಿಮಿಷದಲ್ಲಿ ಹೇಳಿಕೊಡಬಹುದು. ಯಾವಾಗ ಒತ್ತಬೇಕು, ಮತ್ತೆ ಯಾವಾಗ ಒತ್ತಬೇಕು, ಒತ್ತಿದರೂ ಬೆಳಕು ಬಾರದಿದ್ದರೆ ಏನು ಮಾಡಬೇಕು ಎಂಬುದನ್ನು ವಿವರವಾಗಿ ತಿಳಿದುಕೊಳ್ಳಬೇಕಾಗುತ್ತದೆ. ಈ ಬರಹದ ಬಹುಪಾಲು ಅದಕ್ಕೇ ಮೀಸಲು.

ಕೆಳಗೆ ಏನು ನಡೆಯುತ್ತದೆ

ನಿಲ್ದಾಣದಲ್ಲಿ ಒಂದು ಸಣ್ಣ ರೇಡಿಯೊ ಗ್ರಾಹಕ ಯಂತ್ರ ಇರುತ್ತದೆ. ಅಮೆರಿಕದ ವಾಯುಯಾನ ಆಡಳಿತವಾದ ಎಫ್‌ಎಎ ಇದಕ್ಕೆ ಎಲ್-854 ಎಂಬ ಹೆಸರಿನಲ್ಲಿ ಮಾನದಂಡ ನಿಗದಿಪಡಿಸಿದೆ. ಈ ಯಂತ್ರ ಮಾತನ್ನು ಕೇಳಿಸಿಕೊಳ್ಳುವುದಿಲ್ಲ. ನೀವು ಮೈಕಿನ ಗುಂಡಿ ಒತ್ತಿದಾಗ ನಿಮ್ಮ ರೇಡಿಯೊ ಒಂದು ವಾಹಕ ತರಂಗವನ್ನು ಹೊರಗೆ ಬಿಡುತ್ತದೆ, ಗುಂಡಿ ಬಿಟ್ಟಾಗ ಅದು ನಿಲ್ಲುತ್ತದೆ. ಆ ತರಂಗ ಎಷ್ಟು ಸಲ ಬಂದು ನಿಂತಿತು ಎಂಬುದನ್ನಷ್ಟೇ ಯಂತ್ರ ಎಣಿಸುತ್ತದೆ. ಐದು ಸೆಕೆಂಡಿನೊಳಗೆ ಮೂರು, ಐದು ಅಥವಾ ಏಳು ಎಣಿಕೆಯಾದರೆ ಅದು ರಿಲೇಯ ಮೂಲಕ ದೀಪದ ವ್ಯವಸ್ಥೆಗೆ ಸೂಚನೆ ಕೊಡುತ್ತದೆ. ಹೀಗಾಗಿ ಕ್ಲಿಕ್ ಮಾಡುವಾಗ ಏನನ್ನೂ ಮಾತನಾಡುವ ಅಗತ್ಯವಿಲ್ಲ. ಅದೇ ಫ್ರೀಕ್ವೆನ್ಸಿಯಲ್ಲಿ ಬೇರೆ ಪೈಲಟ್‌ಗಳು ಚುಟುಕಾಗಿ ಮಾತನಾಡುತ್ತಿದ್ದರೆ ಅವರ ಗುಂಡಿಯ ಒತ್ತುವಿಕೆಯೂ ನಿಮ್ಮ ಎಣಿಕೆಯೊಂದಿಗೆ ಬೆರೆಯಬಹುದು. ಯಾರದಾದರೂ ಮೈಕಿನ ಗುಂಡಿ ಒತ್ತಿಕೊಂಡೇ ಉಳಿದುಬಿಟ್ಟಿದ್ದರೆ ನಿಮ್ಮ ಕ್ಲಿಕ್ಕುಗಳು ಅದರಡಿ ಮುಚ್ಚಿಹೋಗುತ್ತವೆ.

ಸೂಚನೆ ಹೋಗಿ ತಲುಪುವುದು ಸ್ಥಿರ ವಿದ್ಯುತ್ ಪ್ರವಾಹವನ್ನು ಕಾಯುವ ರೆಗ್ಯುಲೇಟರ್ ಎಂಬ ಪೆಟ್ಟಿಗೆಗೆ. ರನ್‌ವೇ ಅಂಚಿನ ದೀಪಗಳನ್ನು ಸಾಮಾನ್ಯವಾಗಿ ಹಬ್ಬಕ್ಕೆ ಮನೆಗೆ ಕಟ್ಟುವ ಸೀರಿಯಲ್ ಸೆಟ್ಟಿನಂತೆ ಒಂದೇ ಸರಣಿಯಲ್ಲಿ ಜೋಡಿಸಿರುತ್ತಾರೆ. ಪ್ರತಿ ದೀಪಕ್ಕೂ ಪ್ರತ್ಯೇಕ ಟ್ರಾನ್ಸ್‌ಫಾರ್ಮರ್ ಇರುವುದರಿಂದ ಒಂದು ಬಲ್ಬು ಸುಟ್ಟರೆ ಉಳಿದವು ಆರುವುದಿಲ್ಲ ಎಂಬುದೊಂದೇ ವ್ಯತ್ಯಾಸ. ಮೂರು ಹಂತಗಳಿರುವ ಮಧ್ಯಮ ಪ್ರಖರತೆಯ ವ್ಯವಸ್ಥೆಯಲ್ಲಿ ರೆಗ್ಯುಲೇಟರ್ 4.8, 5.5 ಅಥವಾ 6.6 ಆಂಪಿಯರ್ ಪ್ರವಾಹವನ್ನು ಹರಿಸುತ್ತದೆ. ಈ ಅಂಕಿಗಳು ಹತ್ತಿರಹತ್ತಿರವೇ ಇದ್ದರೂ ಬೆಳಕಿನಲ್ಲಿ ಅವು ತರುವ ವ್ಯತ್ಯಾಸ ದೊಡ್ಡದು: ಕೆಳಗಿನ ಹಂತದ ಬೆಳಕು ಪೂರ್ಣ ಬೆಳಕಿನ ಸುಮಾರು ಶೇ. 10, ನಡುವಿನದು ಶೇ. 30. ಹೆಚ್ಚಿನ ಪ್ರಖರತೆಯ ದೀಪಗಳಿಗೆ ಐದು ಹಂತಗಳಿರುತ್ತವೆ, ಅಲ್ಲಿ ತೀರ ಕೆಳಗಿನ ಹಂತದ ಪ್ರವಾಹ 2.8 ಆಂಪಿಯರ್. ದೂರದ ಆಕಾಶದಿಂದ ಶೇ. 10ರ ಬೆಳಕನ್ನು ಹುಡುಕುವುದು ಕಷ್ಟ. ಮೊದಲ ಸಲ ಯಾವಾಗಲೂ ಏಳು ಕ್ಲಿಕ್ ಮಾಡಿ ಎಂದು ಹೇಳುವುದು ಇದೇ ಕಾರಣಕ್ಕೆ.

ಹೊರಡುವ ಮೊದಲು ನೋಡಿಕೊಳ್ಳಬೇಕಾದದ್ದು

ಯಾವ ನಿಲ್ದಾಣದಲ್ಲಿ ಯಾವ ದೀಪ, ಯಾವ ಫ್ರೀಕ್ವೆನ್ಸಿ ಎಂಬುದನ್ನು ಕಾಕ್‌ಪಿಟ್‌ನ ಕತ್ತಲಲ್ಲಿ ಹುಡುಕಲು ಹೋಗಬಾರದು. ನೆಲದ ಮೇಲಿದ್ದಾಗಲೇ ಚಾರ್ಟ್ ಸಪ್ಲಿಮೆಂಟ್ ತೆರೆದು ಓದಿಕೊಳ್ಳಬೇಕು. ಇದು ನಿಲ್ದಾಣಗಳ ವಿವರಗಳನ್ನು ಕೊಡುವ, 56 ದಿನಗಳಿಗೊಮ್ಮೆ ಹೊಸದಾಗಿ ಬರುವ ಪ್ರಕಟಣೆ, ಹಳೆಯ ಸಂಚಿಕೆಯನ್ನು ನಂಬಿ ಹೊರಡುವಂತಿಲ್ಲ. ನಿಲ್ದಾಣದ ವಿವರದಲ್ಲಿ ‘ಆ್ಯಕ್ಟಿವೇಟ್ ಎಂಐಆರ್‌ಎಲ್ ರನ್‌ವೇ 13-31—ಸಿಟಿಎಎಫ್’ ಎಂಬ ಮಾದರಿಯ ಒಂದು ಸಾಲು ಸಿಗುತ್ತದೆ. 13-31ನೇ ರನ್‌ವೇಯ ಮಧ್ಯಮ ಪ್ರಖರತೆಯ ಅಂಚಿನ ದೀಪಗಳನ್ನು ಆ ನಿಲ್ದಾಣದ ಸಾಮಾನ್ಯ ಫ್ರೀಕ್ವೆನ್ಸಿಯಲ್ಲಿ ಕ್ಲಿಕ್ ಮಾಡಿ ಬೆಳಗಿಸಿಕೊಳ್ಳಿ ಎಂದು ಅದರ ಅರ್ಥ. ಸಿಟಿಎಎಫ್ ಎಂದರೆ ಟವರ್ ಇಲ್ಲದ ಕಡೆ ಪೈಲಟ್‌ಗಳೆಲ್ಲ ತಮ್ಮ ತಮ್ಮ ಸ್ಥಾನವನ್ನು ಸಾರಿ ಹೇಳುವ ಫ್ರೀಕ್ವೆನ್ಸಿ. ಹೆಚ್ಚಿನ ಕಡೆ ದೀಪಕ್ಕೂ ಅದೇ ಇರುತ್ತದೆ, ಆದರೆ ಎಲ್ಲ ಕಡೆಯೂ ಅಲ್ಲ. ದೀಪಕ್ಕೆ ಬೇರೆ ಫ್ರೀಕ್ವೆನ್ಸಿ ಕೊಟ್ಟಿದ್ದರೆ ಅದನ್ನು ಎರಡನೆಯ ರೇಡಿಯೊದಲ್ಲಿ ಮೊದಲೇ ಹಾಕಿಟ್ಟುಕೊಳ್ಳುವುದು ಒಳ್ಳೆಯದು.

ಈ ಸಾಲಿನಲ್ಲಿ ಸಮಯವೂ ಬರೆದಿದ್ದರೆ ಇನ್ನೂ ಎಚ್ಚರದಿಂದ ಓದಬೇಕು. ಮುಸ್ಸಂಜೆಯಿಂದ ಇಂತಿಷ್ಟು ಗಂಟೆಯವರೆಗೆ ದೀಪಗಳು ಕಡಿಮೆ ಪ್ರಖರತೆಯಲ್ಲಿ ತಾವಾಗಿಯೇ ಉರಿಯುತ್ತವೆ, ಹೆಚ್ಚಿಸಿಕೊಳ್ಳಬೇಕಾದರೆ ಅಥವಾ ಆ ಗಂಟೆಯ ನಂತರ ಬಂದರೆ ಕ್ಲಿಕ್ ಮಾಡಿ ಎಂದು ಹಲವು ಕಡೆ ಬರೆದಿರುತ್ತದೆ. ಅಲ್ಲಿ ಕೊಟ್ಟಿರುವುದು ಸ್ಥಳೀಯ ಸಮಯವಲ್ಲ, ಯುಟಿಸಿ ಎಂಬ ಜಾಗತಿಕ ಸಮಯ. ಕ್ಯಾಲಿಫೋರ್ನಿಯದಲ್ಲಿ ಚಳಿಗಾಲದ ರಾತ್ರಿ ಹತ್ತು ಗಂಟೆ ಅಂದರೆ ಯುಟಿಸಿ ಲೆಕ್ಕದಲ್ಲಿ ಮರುದಿನದ 0600. ಸಮಯದ ಪಕ್ಕದಲ್ಲಿ ಎರಡು ಅಡ್ಡಗೆರೆಯ ಶಿಲುಬೆಯ ಗುರುತಿದ್ದರೆ, ಬೇಸಗೆಯಲ್ಲಿ ಗಡಿಯಾರ ಮುಂದಿಡುವ ತಿಂಗಳುಗಳಲ್ಲಿ ಅದನ್ನು ಒಂದು ಗಂಟೆ ಮೊದಲಿಗೆ ಓದಿಕೊಳ್ಳಬೇಕು. ಕಣ್ಣಳತೆಯ ಹಾರಾಟಕ್ಕೆ ಬಳಸುವ ಸೆಕ್ಷನಲ್ ನಕ್ಷೆಯಲ್ಲಿ ನಿಲ್ದಾಣದ ಹೆಸರಿನ ಕೆಳಗಿನ ಸಾಲಿನಲ್ಲಿ ಬರಿಯ ‘ಎಲ್’ ಇದ್ದರೆ ದೀಪಗಳು ಮುಸ್ಸಂಜೆಯಿಂದ ಮುಂಜಾವಿನವರೆಗೆ ಇರುತ್ತವೆ. ನಕ್ಷತ್ರದ ಗುರುತಿನೊಡನೆ ‘ಎಲ್’ ಇದ್ದರೆ ಏನೋ ಮಿತಿಯಿದೆ, ಸಪ್ಲಿಮೆಂಟ್ ನೋಡಿ ಎಂದರ್ಥ. ಉಪಕರಣಗಳನ್ನೇ ನೆಚ್ಚಿ ಇಳಿಯಲು ಬರುವವರು ಬಳಸುವ ಇನ್‌ಸ್ಟ್ರುಮೆಂಟ್ ಅಪ್ರೋಚ್ ಚಾರ್ಟುಗಳಲ್ಲಿ ಪೈಲಟ್ ಬೆಳಗಿಸಬೇಕಾದ ದೀಪದ ಚಿಹ್ನೆಯನ್ನು ಕಪ್ಪು ನೆಲದ ಮೇಲೆ ಬಿಳಿಯಾಗಿ ಮುದ್ರಿಸಿರುತ್ತಾರೆ.

ನಂತರ ನೋಟಾಮ್‌ಗಳನ್ನು, ಅಂದರೆ ಪೈಲಟ್‌ಗಳಿಗಾಗಿ ಹೊರಡಿಸುವ ಸೂಚನೆಗಳನ್ನು, ನೋಡಬೇಕು. ರನ್‌ವೇ ಅಂಚಿನ ದೀಪ ಕೆಟ್ಟಿದೆ, ಪಿಸಿಎಲ್ ಕೆಲಸ ಮಾಡುತ್ತಿಲ್ಲ, ಇಳಿಜಾರು ಸರಿಯಿದೆಯೇ ಎಂದು ತೋರಿಸುವ ಪಾಪಿ (PAPI) ದೀಪ ಬಂದ್ ಆಗಿದೆ ಎಂಬಂಥ ಸೂಚನೆಗಳು ಚುಟುಕಾಗಿರುವುದರಿಂದ ಕಣ್ಣು ತಪ್ಪಿಸಿಕೊಳ್ಳುವುದು ಸುಲಭ. ಕೆಲವು ರನ್‌ವೇಗಳಲ್ಲಿ ದೀಪಗಳಿದ್ದರೂ ಸುತ್ತಲ ಗುಡ್ಡ ಅಥವಾ ಮರಗಳ ಕಾರಣದಿಂದ ರಾತ್ರಿ ಇಳಿಯುವುದಕ್ಕೆ ಅನುಮತಿ ಇರುವುದಿಲ್ಲ, ಅದನ್ನೂ ಹೊರಡುವ ಮೊದಲೇ ನೋಡಿಕೊಳ್ಳಬೇಕು. ಕಣ್ಣಳತೆಯ ಹಾರಾಟದಲ್ಲಿ ಗುರಿ ತಲುಪಿದ ಮೇಲೂ ಹಗಲಿನಲ್ಲಿ 30 ನಿಮಿಷ, ರಾತ್ರಿಯಲ್ಲಿ 45 ನಿಮಿಷ ಹಾರುವಷ್ಟು ಇಂಧನ ಇರುವಂತೆ ಹೊರಡಬೇಕೆಂಬುದು ನಿಯಮ. ದೀಪವನ್ನೇ ನೆಚ್ಚಿಕೊಂಡು ಹೊರಡುವ ರಾತ್ರಿಗಳಲ್ಲಿ ಇದು ಸಾಲದು ಎಂಬುದು ನನ್ನ ಅಭಿಪ್ರಾಯ. ದೀಪ ಬಾರದಿದ್ದರೆ ಹೋಗಬಹುದಾದ, ಸಾಧ್ಯವಾದರೆ ರಾತ್ರಿಯಿಡೀ ಟವರ್ ಇರುವ ಇನ್ನೊಂದು ನಿಲ್ದಾಣವನ್ನು ಹೆಸರಿಟ್ಟು ಗುರುತುಮಾಡಿಕೊಂಡು, ಅಲ್ಲಿಗೆ ಹೋಗಿ ಇಳಿದ ಮೇಲೂ ಆ 45 ನಿಮಿಷ ಉಳಿಯುವಂತೆ ಇಂಧನ ಹಾಕಿಸಿಕೊಳ್ಳಬೇಕು.

ಮೂರು, ಐದು, ಏಳು

ನಿಲ್ದಾಣಕ್ಕೆ ಸುಮಾರು ಹತ್ತು ನಾಟಿಕಲ್ ಮೈಲಿ ದೂರವಿದ್ದಾಗ ಸಿಟಿಎಎಫ್‌ನಲ್ಲಿ ನಿಮ್ಮ ಸ್ಥಾನ, ಎತ್ತರ, ಉದ್ದೇಶವನ್ನು ಸಾರುವುದು ವಾಡಿಕೆ. ದೀಪಕ್ಕೂ ಅದೇ ಸರಿಯಾದ ಸಮಯ. ಮೊದಲು ಆ ಫ್ರೀಕ್ವೆನ್ಸಿಯನ್ನು ಸ್ವಲ್ಪ ಹೊತ್ತು ಕೇಳಿ, ಯಾರಾದರೂ ಮಾತನಾಡುತ್ತಿದ್ದರೆ ಮುಗಿಯಲು ಬಿಡಿ. ಆಡಿಯೊ ಪ್ಯಾನೆಲ್‌ನಲ್ಲಿ ನೀವು ಪ್ರಸಾರಕ್ಕೆ ಆರಿಸಿರುವ ರೇಡಿಯೊದಲ್ಲೇ ಆ ಫ್ರೀಕ್ವೆನ್ಸಿ ಇದೆಯೇ ಎಂದು ಕಣ್ಣಿನಿಂದ ನೋಡಿ ಖಚಿತಪಡಿಸಿಕೊಳ್ಳಿ. ಬಳಿಕ ಮೈಕಿನ ಗುಂಡಿಯನ್ನು ಐದು ಸೆಕೆಂಡಿನೊಳಗೆ ಏಳು ಸಲ ಒತ್ತಿ.

ಒತ್ತುವ ಲಯಕ್ಕೆ ಮಹತ್ವವಿದೆ. ಏಳು ಒತ್ತುಗಳನ್ನು ಐದು ಸೆಕೆಂಡಿಗೆ ಹಂಚಿದರೆ ಒಂದೊಂದಕ್ಕೆ ಮುಕ್ಕಾಲು ಸೆಕೆಂಡಿಗೂ ತುಸು ಕಡಿಮೆ ಸಿಗುತ್ತದೆ. ಗಾಬರಿಯಲ್ಲಿ ಬೆರಳು ನಡುಗಿಸಿದಂತೆ ಒತ್ತಿದರೆ ರೇಡಿಯೊ ಪ್ರಸಾರಕ್ಕೆ ಹೋಗಿ ಮರಳುವಷ್ಟು ಬಿಡುವು ಸಿಗದೆ ಎರಡು ಒತ್ತುಗಳು ಒಂದಾಗಿ ಎಣಿಕೆಯಾಗುತ್ತವೆ. ತೀರ ನಿಧಾನಿಸಿದರೆ ಐದು ಸೆಕೆಂಡು ಮೀರಿ ಏಳನೆಯದು ಲೆಕ್ಕಕ್ಕೆ ಬರುವುದಿಲ್ಲ. ಗುಂಡಿಯನ್ನು ತಳದವರೆಗೆ ಒತ್ತಬೇಕು, ಪೂರ್ತಿ ಬಿಡಬೇಕು, ಮನಸ್ಸಿನಲ್ಲೇ ಸಮವಾಗಿ ಒಂದರಿಂದ ಏಳರವರೆಗೆ ಎಣಿಸಬೇಕು. ಹಲವು ರೇಡಿಯೊಗಳಲ್ಲಿ ಪ್ರಸಾರವಾಗುತ್ತಿರುವಾಗ ಫ್ರೀಕ್ವೆನ್ಸಿಯ ಪಕ್ಕದಲ್ಲಿ ಸಣ್ಣದೊಂದು ಅಕ್ಷರ ಅಥವಾ ದೀಪ ಮೂಡುತ್ತದೆ. ಅದು ಏಳು ಸಲ ಮೂಡಿ ಮಾಯವಾಗುವುದನ್ನು ನೋಡುವುದು ಎಣಿಕೆ ಸರಿಯಾಯಿತು ಎಂಬುದಕ್ಕೆ ಒಳ್ಳೆಯ ಸಾಕ್ಷಿ. ಈ ಲಯವನ್ನು ಹ್ಯಾಂಗರಿನಲ್ಲಿ ವಿಮಾನದ ಮಾಸ್ಟರ್ ಸ್ವಿಚ್ ಆಫ್ ಮಾಡಿಟ್ಟು, ಬರಿ ಗುಂಡಿಯನ್ನು ಒತ್ತಿ ರೂಢಿ ಮಾಡಿಕೊಳ್ಳಬಹುದು. ಬೆರಳಿಗೆ ಅಭ್ಯಾಸವಾದ ಕೆಲಸ ರಾತ್ರಿಯ ಹಾರಾಟದಲ್ಲಿ ತಲೆಯನ್ನು ಬೇರೆ ಕೆಲಸಕ್ಕೆ ಬಿಡುಗಡೆ ಮಾಡುತ್ತದೆ.

ಏಳು ಕ್ಲಿಕ್ಕಿಗೆ ಲಭ್ಯವಿರುವ ಅತಿ ಹೆಚ್ಚಿನ ಪ್ರಖರತೆ, ಐದಕ್ಕೆ ಮಧ್ಯಮ, ಮೂರಕ್ಕೆ ಕನಿಷ್ಠ ಎಂಬುದು ಸಾಮಾನ್ಯ ಸೂತ್ರ. ಐದು ಹಂತಗಳ ದೀಪವಾಗಿದ್ದರೆ ಏಳು ಕ್ಲಿಕ್ ಐದನೆಯ ಹಂತಕ್ಕೂ, ಐದು ಕ್ಲಿಕ್ ಮೂರನೆಯ ಹಂತಕ್ಕೂ, ಮೂರು ಕ್ಲಿಕ್ ಒಂದನೆಯ ಅಥವಾ ಎರಡನೆಯ ಹಂತಕ್ಕೂ ಒಯ್ಯುತ್ತದೆ. ಒಂದೇ ಹಂತವಿರುವ ದೀಪವಾದರೆ ಮೂರು ಒತ್ತಿದರೂ ಏಳು ಒತ್ತಿದರೂ ಅಷ್ಟೇ ಬೆಳಕು. ರನ್‌ವೇಯ ಮುಂದೆ ಅಪ್ರೋಚ್ ದೀಪಗಳ ಸಾಲೂ ಇದ್ದರೆ ನಿಮ್ಮ ಕ್ಲಿಕ್ಕಿನ ಹತೋಟಿ ಮೊದಲಿಗೆ ಆ ಸಾಲಿಗೆ ಅನ್ವಯಿಸುತ್ತದೆ, ಅಂಚಿನ ದೀಪಗಳು ಮೊದಲೇ ನಿಗದಿಪಡಿಸಿದ ಒಂದು ಹಂತದಲ್ಲಿ ಉರಿಯುತ್ತವೆ. ಆದ್ದರಿಂದ ಮೂರು ಒತ್ತಿದರೂ ಅಂಚಿನ ದೀಪ ಮಂಕಾಗಲಿಲ್ಲವಲ್ಲ ಎಂದು ಗೊಂದಲಕ್ಕೀಡಾಗಬೇಕಿಲ್ಲ. ರನ್‌ವೇ ತುದಿಯಲ್ಲಿ ಜೋಡಿಯಾಗಿ ಮಿನುಗುವ ಬಿಳಿ ದೀಪಗಳನ್ನು, ಅಂದರೆ ರೀಲ್‌ಗಳನ್ನು, ಕೆಲವು ಕಡೆ ಐದು ಅಥವಾ ಮೂರು ಕ್ಲಿಕ್ಕಿನಿಂದ ಆರಿಸಲೂಬಹುದು. ಉಳಿದ ಯಾವ ದೀಪವನ್ನೂ ಪೈಲಟ್ ಅವಧಿಗೆ ಮೊದಲು ಆರಿಸಲಾಗುವುದಿಲ್ಲ.

ಹದಿನೈದು ನಿಮಿಷ

ಆ ಅವಧಿ ಹದಿನೈದು ನಿಮಿಷ. ಈ ಇಡೀ ವಿಷಯದಲ್ಲಿ ಪೈಲಟ್ ಮನಸ್ಸಿನಲ್ಲಿ ಬಿಡದೆ ಇಟ್ಟುಕೊಳ್ಳಬೇಕಾದ ಅಂಕಿ ಇದೊಂದೇ ಎಂದು ನಾನು ಭಾವಿಸುತ್ತೇನೆ. ಕೊನೆಯ ಸಲ ಕ್ಲಿಕ್ ಮಾಡಿದ ಕ್ಷಣದಿಂದ ಗಡಿಯಾರ ಓಡತೊಡಗುತ್ತದೆ, ಹದಿನೈದು ನಿಮಿಷ ತುಂಬಿದಾಗ ವಿಮಾನ ಎಲ್ಲಿದೆ ಎಂಬುದನ್ನು ಲೆಕ್ಕಿಸದೆ ದೀಪ ಆರುತ್ತದೆ. ಆರುವ ಮೊದಲು ಏನಾದರೂ ಮುನ್ಸೂಚನೆ ಸಿಕ್ಕೀತು ಎಂದು ನೆಚ್ಚಿಕೊಳ್ಳುವಂತಿಲ್ಲ.

ಒಂದು ಲೆಕ್ಕ ಹಾಕಿ ನೋಡೋಣ. ಸೆಸ್ನಾ 172ರಂಥ ಸಣ್ಣ ತರಬೇತಿ ವಿಮಾನ ಇಳಿಯಲು ಬರುವಾಗ 90 ನಾಟ್ ವೇಗದಲ್ಲಿದೆ ಎಂದುಕೊಂಡರೆ, ಹದಿನೈದು ನಿಮಿಷದಲ್ಲಿ ಅದು 22.5 ನಾಟಿಕಲ್ ಮೈಲಿ ಕ್ರಮಿಸುತ್ತದೆ. ನಿಲ್ದಾಣ ಬೇಗ ಕಾಣಲಿ ಎಂದು 22 ಮೈಲಿ ದೂರದಿಂದಲೇ ದೀಪ ಹಾಕಿ ನೇರವಾಗಿ ಬಂದರೆ, ಚಕ್ರ ನೆಲ ಮುಟ್ಟುವ ಹೊತ್ತಿಗೆ ಸರಿಯಾಗಿ ದೀಪ ಆರುವ ಹೊತ್ತು. ಹತ್ತು ಮೈಲಿಯಿಂದ ಹಾಕಿದರೆ ನಿಲ್ದಾಣದ ಮೇಲೆ ಬರಲು ಏಳು ನಿಮಿಷಕ್ಕೆ ತುಸು ಕಡಿಮೆ ಬೇಕು. ಅಲ್ಲಿಂದ ಗಾಳಿಯ ದಿಕ್ಕು ನೋಡಿ, ಇಳಿಯುವ ಮೊದಲು ರನ್‌ವೇಯ ಪಕ್ಕದಲ್ಲಿ ಹಾರುವ ಸುತ್ತಾದ ಸರ್ಕ್ಯೂಟಿಗೆ ಸೇರಿ, ರನ್‌ವೇಗೆ ಸಮಾನಾಂತರವಾದ ಡೌನ್‌ವಿಂಡ್, ಅಡ್ಡಲಾದ ಬೇಸ್ ತಿರುಗಿ, ರನ್‌ವೇಯ ನೇರಕ್ಕಿರುವ ಫೈನಲ್‌ಗೆ ಬರುವಷ್ಟರಲ್ಲಿ ಇನ್ನೈದಾರು ನಿಮಿಷ ಕಳೆದಿರುತ್ತದೆ. ಮುಂದೆ ಇನ್ನೊಂದು ವಿಮಾನವಿದ್ದು ಅದಕ್ಕೆ ಜಾಗ ಕೊಡಲು ಡೌನ್‌ವಿಂಡನ್ನು ಉದ್ದ ಮಾಡಿದಿರಿ ಎಂದಾದರೆ ಉಳಿದ ಎರಡು ಮೂರು ನಿಮಿಷವೂ ಹೋಯಿತು.

ಹೀಗಾಗಿ ಎರಡನೆಯ ಸಲ ಕ್ಲಿಕ್ ಮಾಡುವುದನ್ನು ಐಚ್ಛಿಕ ಎಂದು ಎಣಿಸದೆ ಇಳಿಯುವ ಕ್ರಮದ ಭಾಗವನ್ನಾಗಿಯೇ ಮಾಡಿಕೊಳ್ಳಬೇಕು. ನಿಲ್ದಾಣದ ಮೇಲೆ ಹಾದುಹೋಗುವಾಗ ಅಥವಾ ಫೈನಲ್‌ಗೆ ತಿರುಗುವುದಕ್ಕೆ ಸ್ವಲ್ಪ ಮೊದಲು, ದೀಪಗಳು ಚೆನ್ನಾಗಿ ಉರಿಯುತ್ತಿದ್ದರೂ ಕೂಡ, ಮತ್ತೆ ಏಳು ಸಲ ಒತ್ತಬೇಕು. ನಾನು ಹೇಳುವುದಾದರೆ ಡೌನ್‌ವಿಂಡ್‌ನಲ್ಲಿ ರನ್‌ವೇಯ ತುದಿ ರೆಕ್ಕೆಯ ನೇರಕ್ಕೆ ಬಂದಾಗ, ಎಂಜಿನ್ ಶಕ್ತಿ ತಗ್ಗಿಸುವುದಕ್ಕೆ ಮೊದಲು ಒತ್ತಿಬಿಡುವುದು ಉತ್ತಮ. ಆಗ ವಿಮಾನ ಸಮತಟ್ಟಾಗಿ ಸ್ಥಿರವಾಗಿ ಹಾರುತ್ತಿರುತ್ತದೆ, ಕೈ ಬಿಡುವಾಗಿರುತ್ತದೆ, ಅಲ್ಲಿಂದ ನೆಲ ಮುಟ್ಟಿ ನಿಲುಗಡೆಗೆ ಸೇರಲು ಹದಿನೈದು ನಿಮಿಷ ಧಾರಾಳವಾಗಿ ಸಾಕು.

ನೀವು ಬರುವಾಗಲೇ ದೀಪಗಳು ಉರಿಯುತ್ತಿದ್ದರೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಅದು ಹತ್ತು ನಿಮಿಷದ ಹಿಂದೆ ಇಳಿದವರು ಅಥವಾ ಆಗತಾನೆ ಹೊರಟುಹೋದವರು ಹಾಕಿದ ದೀಪವಿರಬಹುದು. ಅದರಲ್ಲಿ ಎಷ್ಟು ನಿಮಿಷ ಉಳಿದಿದೆ ಎಂಬುದು ನಿಮಗೆ ಕಾಣುವುದಿಲ್ಲ. ಬೆಳಕು ಕಂಡಿತಲ್ಲ ಎಂದು ಸುಮ್ಮನಾದ ಪೈಲಟ್‌ಗೆ ಇನ್ನೂರು ಅಡಿ ಎತ್ತರದಲ್ಲಿ ಅದು ಆರಿಹೋಗಬಹುದು. ನೀವೇ ಕ್ಲಿಕ್ ಮಾಡಿದರೆ ಮಾತ್ರ ಆ ಗಡಿಯಾರ ನಿಮ್ಮ ಲೆಕ್ಕಕ್ಕೆ ಸೇರುತ್ತದೆ.

ಹತ್ತಿರಕ್ಕೆ ಬರುವವರೆಗೆ ಹೊತ್ತದ ದೀಪ

ಹತ್ತು ಮೈಲಿಯಿಂದ ಏಳು ಸಲ ಒತ್ತಿದರೂ ಏನೂ ಕಾಣಲಿಲ್ಲವೆಂದರೆ ಕೆಟ್ಟಿದೆ ಎಂದು ತೀರ್ಮಾನಿಸಲು ಅವಸರ ಬೇಡ. ವಿಮಾನದ ವಿಎಚ್‌ಎಫ್ ರೇಡಿಯೊ ಅಡ್ಡಿಯಿಲ್ಲದ ನೇರ ದೃಷ್ಟಿಯ ದೂರಕ್ಕೆ ತಲುಪುತ್ತದೆ. 3,000 ಅಡಿ ಎತ್ತರದಲ್ಲಿರುವ ವಿಮಾನಕ್ಕೆ ಆ ದೂರ ಅರವತ್ತು ಮೈಲಿಗೂ ಹೆಚ್ಚು. ಟವರ್ ಇಲ್ಲದ ನಿಲ್ದಾಣಗಳಿಗೆ ಹಂಚುವ 122.7, 122.8, 123.0ರಂಥ ಕೆಲವೇ ಫ್ರೀಕ್ವೆನ್ಸಿಗಳನ್ನು ಅಷ್ಟು ದೂರದೊಳಗೆ ಹಲವು ನಿಲ್ದಾಣಗಳು ಬಳಸುತ್ತಿರುತ್ತವೆ. ಒಬ್ಬರ ಕ್ಲಿಕ್ಕಿಗೆ ಊರೂರಿನ ದೀಪವೆಲ್ಲ ಹೊತ್ತದಿರಲಿ ಎಂದು ಗ್ರಾಹಕ ಯಂತ್ರದ ಸಂವೇದನೆಯನ್ನು ಬೇಕೆಂದೇ ತಗ್ಗಿಸಿಟ್ಟಿರಬಹುದು, ಅಂಥಲ್ಲಿ ಸಾಕಷ್ಟು ಹತ್ತಿರ ಬಂದ ಮೇಲೆಯೇ ದೀಪ ಸ್ಪಂದಿಸುತ್ತದೆ. ಆದ್ದರಿಂದ ಏಳು ಮೈಲಿಯಲ್ಲಿ ಒಮ್ಮೆ, ಐದು ಮೈಲಿಯಲ್ಲಿ ಒಮ್ಮೆ ಮತ್ತೆ ಒತ್ತಿ ನೋಡಬೇಕು. ಎತ್ತರವನ್ನು ಮಾತ್ರ ಬಿಟ್ಟುಕೊಡಬಾರದು. ದೀಪ ಹುಡುಕುತ್ತ ಕತ್ತಲಿನ ನೆಲದತ್ತ ಇಳಿಯುವುದು ಈ ಸಂದರ್ಭದಲ್ಲಿ ಮಾಡಬಹುದಾದ ಅತ್ಯಂತ ಅಪಾಯದ ಕೆಲಸ.

ಇದರ ಇನ್ನೊಂದು ಮುಖವೂ ಇದೆ. ನೀವು ಒತ್ತಿದ ತಕ್ಷಣ ಹೊತ್ತಿಕೊಂಡ ದೀಪ ಪಕ್ಕದ ಊರಿನದೂ ಆಗಿರಬಹುದು. ಕತ್ತಲಲ್ಲಿ ಒಮ್ಮೆಗೇ ಒಂದು ರನ್‌ವೇ ಮೂಡಿದಾಗ ಮನಸ್ಸು ಅದನ್ನೇ ತನ್ನದೆಂದು ಒಪ್ಪಿಕೊಳ್ಳುತ್ತದೆ. ಆ ರನ್‌ವೇಯ ದಿಕ್ಕು ನಿಮ್ಮ ದಿಕ್ಸೂಚಿಗೆ ಹೊಂದುತ್ತದೆಯೇ, ಜಿಪಿಎಸ್ ತೋರಿಸುವ ದೂರಕ್ಕೆ ತಾಳೆಯಾಗುತ್ತದೆಯೇ, ಹಸಿರು ಮತ್ತು ಬಿಳಿ ಬೆಳಕನ್ನು ಒಂದರ ಬಳಿಕ ಒಂದಾಗಿ ಬೀರುವ ಬೀಕನ್ ಇರಬೇಕಾದ ಕಡೆ ಇದೆಯೇ ಎಂಬ ಮೂರನ್ನೂ ನೋಡಬೇಕು. ನಾಗರಿಕ ನಿಲ್ದಾಣದ ಬೀಕನ್‌ನಲ್ಲಿ ಹಸಿರಿಗೆ ಒಂದು ಬಿಳಿ ಮಿಂಚು ಜೊತೆಯಾಗುತ್ತದೆ, ಸೇನೆಯದರಲ್ಲಿ ಎರಡು ಬಿಳಿ ಮಿಂಚುಗಳು.

ಬೆಳಕನ್ನು ತಗ್ಗಿಸುವುದು

ರನ್‌ವೇ ಗುರುತಾಗಿ, ಆಕಾಶ ಶುಭ್ರವಾಗಿದ್ದರೆ, ಪೂರ್ಣ ಪ್ರಖರತೆ ಕಣ್ಣಿಗೆ ಹೆಚ್ಚಾಗುತ್ತದೆ. ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು ಸುಮಾರು ಅರ್ಧ ಗಂಟೆ ಬೇಕು, ಆ ಹೊಂದಿಕೆಯನ್ನು ತೀಕ್ಷ್ಣ ಬೆಳಕು ಕ್ಷಣದಲ್ಲಿ ಕೆಡಿಸುತ್ತದೆ. ಅದಕ್ಕಿಂತ ಗಂಭೀರವಾದದ್ದು ದೂರದ ಅಂದಾಜು ತಪ್ಪುವುದು. ಸುತ್ತ ಬೇರೆ ದೀಪಗಳಿಲ್ಲದ ಕಡೆ ಬಹಳ ಪ್ರಖರವಾದ ರನ್‌ವೇ ಇರುವುದಕ್ಕಿಂತ ಹತ್ತಿರವಿದ್ದಂತೆ ತೋರುತ್ತದೆ. ಇನ್ನೊಂದೆಡೆ, ಕೆಳಗೆ ಎತ್ತರ ತಿಳಿಸುವ ಯಾವ ಬೆಳಕೂ ಇಲ್ಲದ ಕಪ್ಪು ನೆಲದ ಮೇಲೆ ಹಾರುವಾಗ ಪೈಲಟ್ ತನಗರಿವಿಲ್ಲದೆ ಇಳಿಯಬೇಕಾದದ್ದಕ್ಕಿಂತ ಕೆಳಗೆ ಇಳಿಯುತ್ತಾನೆ. ಹಾಗಾಗಿ ಪಾಪಿ ದೀಪವಿದ್ದರೆ ಕಣ್ಣಿನ ಅಂದಾಜಿಗಿಂತ ಅದನ್ನೇ ನಂಬಬೇಕು: ನಾಲ್ಕರಲ್ಲಿ ಎರಡು ಬಿಳಿ, ಎರಡು ಕೆಂಪು ಕಂಡರೆ ಇಳಿಜಾರು ಸರಿಯಿದೆ, ನಾಲ್ಕೂ ಕೆಂಪಾದರೆ ಅಪಾಯಕರವಾಗಿ ಕೆಳಗಿದ್ದೀರಿ.

ತಗ್ಗಿಸುವುದಾದರೆ ಐದು ಕ್ಲಿಕ್, ಬೇಕಿದ್ದರೆ ನಂತರ ಮೂರು. ಈ ಕೆಲಸವನ್ನು ಫೈನಲ್‌ಗೆ ತಿರುಗುವ ಮೊದಲೇ ಮುಗಿಸಿ, ಕೊನೆಯ ಒಂದು ಮೈಲಿಯಲ್ಲಿ ಬೆಳಕಿನ ಮಟ್ಟವನ್ನು ಮುಟ್ಟದಿರುವುದು ಸರಿಯಾದ ಕ್ರಮ, ಏಕೆಂದರೆ ಇಳಿಯುತ್ತಿರುವಾಗ ಬೆಳಕು ಬದಲಾದರೆ ಕಣ್ಣು ಅದನ್ನು ದೂರ ಬದಲಾದಂತೆ ಓದಿಕೊಳ್ಳುತ್ತದೆ. ತಗ್ಗಿಸಲು ಒತ್ತಿದ ಕ್ಲಿಕ್ಕಿನಿಂದಲೂ ಹದಿನೈದು ನಿಮಿಷ ಹೊಸದಾಗಿ ಆರಂಭವಾಗುತ್ತದೆ. ಮಂಜು, ಮಳೆ, ಹೊಗೆಯಿದ್ದರೆ ಏಳರಲ್ಲೇ ಬಿಡಿ. ದೀಪ ನಿಮ್ಮೊಬ್ಬರದಲ್ಲ ಎಂಬುದನ್ನೂ ಮರೆಯಬಾರದು. ಇನ್ನೊಂದು ವಿಮಾನ ಫೈನಲ್‌ನಲ್ಲಿರುವಾಗ ನೀವು ಡೌನ್‌ವಿಂಡ್‌ನಲ್ಲಿ ಕುಳಿತು ಮೂರು ಕ್ಲಿಕ್ ಮಾಡಿದರೆ ಅವರ ರನ್‌ವೇ ಕಣ್ಣೆದುರೇ ಮಂಕಾಗುತ್ತದೆ. ಬೆಳಕು ತಗ್ಗಿಸುತ್ತಿದ್ದೇನೆ, ಅಡ್ಡಿಯಿಲ್ಲವೇ ಎಂದು ಮೊದಲು ಕೇಳಿ, ಉತ್ತರ ಬಂದ ಮೇಲೆ ಒತ್ತಬೇಕು.

ಇನ್‌ಸ್ಟ್ರುಮೆಂಟ್ ಹಾರಾಟದಲ್ಲಿ ಬರುವವರಿಗೆ ದೀಪ ಕಾನೂನಿನ ವಿಷಯವೂ ಹೌದು. ನಿಗದಿತ ಕನಿಷ್ಠ ಎತ್ತರಕ್ಕೆ ಇಳಿದಾಗ ಅಪ್ರೋಚ್ ದೀಪ ಕಂಡರೆ ರನ್‌ವೇ ಮಟ್ಟದಿಂದ 100 ಅಡಿವರೆಗೆ ಮುಂದುವರಿದು ಇಳಿಯಲು ನಿಯಮ ಅವಕಾಶ ಕೊಡುತ್ತದೆ. ಆ ದೀಪ ಕೆಲಸ ಮಾಡದಿದ್ದರೆ ಬೇಕಾದ ಗೋಚರತೆಯ ಮಿತಿಯೇ ಏರುತ್ತದೆ. ಅಪ್ರೋಚ್ ನಿಯಂತ್ರಕರು ಸಿಟಿಎಎಫ್‌ಗೆ ಬದಲಾಯಿಸಿಕೊಳ್ಳಲು ಅನುಮತಿ ಕೊಡುವುದು ಕೆಲವೊಮ್ಮೆ ತಡವಾಗುವುದರಿಂದ, ಎರಡನೆಯ ರೇಡಿಯೊದಲ್ಲಿ ಆ ಫ್ರೀಕ್ವೆನ್ಸಿ ಹಾಕಿಟ್ಟುಕೊಂಡು ಅಂತಿಮ ಹಂತಕ್ಕೆ ಪ್ರವೇಶಿಸುವ ಮೊದಲೇ ಕ್ಲಿಕ್ ಮಾಡಬೇಕು. ಮಾಡಿದ ಮೇಲೆ ಪ್ರಸಾರದ ಆಯ್ಕೆಯನ್ನು ನಿಯಂತ್ರಕರ ಫ್ರೀಕ್ವೆನ್ಸಿಗೆ ಮರಳಿಸುವುದನ್ನು ಮರೆಯಬಾರದು. ದಟ್ಟ ಮೋಡದ ಹಗಲಿನಲ್ಲೂ ಇದೇ ಕ್ರಮ ಅನ್ವಯಿಸುತ್ತದೆ.

ದೀಪ ಬಾರದಿದ್ದರೆ, ಬಂದ ದೀಪ ಆರಿದರೆ

ಹತ್ತಿರ ಬಂದು ಒತ್ತಿದರೂ ಕತ್ತಲೇ ಇದ್ದರೆ, ಸುರಕ್ಷಿತ ಎತ್ತರದಲ್ಲಿ ಸುತ್ತು ಹಾಕುತ್ತ ಒಂದೊಂದಾಗಿ ಪರಿಶೀಲಿಸಬೇಕು. ಹೆಚ್ಚಿನ ಸಲ ಕಾರಣ ಕಾಕ್‌ಪಿಟ್‌ನಲ್ಲೇ ಇರುತ್ತದೆ: ಫ್ರೀಕ್ವೆನ್ಸಿ ಎರಡನೆಯ ರೇಡಿಯೊದಲ್ಲಿದ್ದು ಪ್ರಸಾರ ಒಂದನೆಯದರಿಂದ ಹೋಗುತ್ತಿರುತ್ತದೆ, ಅಥವಾ ಹೊಸ ಫ್ರೀಕ್ವೆನ್ಸಿಯನ್ನು ಕಾಯ್ದಿಟ್ಟ ಸ್ಥಾನದಲ್ಲೇ ಬಿಟ್ಟು ಬಳಕೆಯ ಸ್ಥಾನಕ್ಕೆ ತಂದಿರುವುದಿಲ್ಲ. ಅದು ಸರಿಯಿದ್ದರೆ ಪಕ್ಕದ ಆಸನದ ಗುಂಡಿಯಿಂದ ಒತ್ತಿ ನೋಡಿ, ಇನ್ನೊಂದು ರೇಡಿಯೊದಿಂದ ಪ್ರಯತ್ನಿಸಿ, ಕೈಯಲ್ಲಿ ಹಿಡಿಯುವ ರೇಡಿಯೊ ಇದ್ದರೆ ಅದರಿಂದಲೂ ಆಗುತ್ತದೆ. ಆ ಫ್ರೀಕ್ವೆನ್ಸಿಯಲ್ಲಿ ಬೇರೆ ಯಾರಾದರೂ ಇದ್ದರೆ ಅವರನ್ನು ಕ್ಲಿಕ್ ಮಾಡಲು ಕೇಳಿಕೊಳ್ಳಿ. ಕೆಲವು ನಿಲ್ದಾಣಗಳಲ್ಲಿ ಅದೇ ಫ್ರೀಕ್ವೆನ್ಸಿಯಲ್ಲಿ ಮೂರೋ ನಾಲ್ಕೋ ಕ್ಲಿಕ್ಕಿಗೆ ಹವಾಮಾನ ಹೇಳುವ ಯಂತ್ರವೂ ಇರುತ್ತದೆ. ದೀಪದ ಬದಲು ಧ್ವನಿ ಕೇಳಿದರೆ ಎಣಿಕೆ ಕಡಿಮೆಯಾಗಿದೆ ಎಂದು ತಿಳಿಯಬೇಕು. ಇಷ್ಟಾದರೂ ಬೆಳಕಿಲ್ಲವೆಂದರೆ ಮೊದಲೇ ಗುರುತುಮಾಡಿಟ್ಟ ನಿಲ್ದಾಣಕ್ಕೆ ತಿರುಗುವುದು. ಲ್ಯಾಂಡಿಂಗ್ ದೀಪದ ಬೆಳಕಿನಲ್ಲೇ ಇಳಿದುಬಿಡುತ್ತೇನೆ ಎಂಬ ಯೋಚನೆಗೆ ಜಾಗ ಕೊಡಬಾರದು. ಆ ಬೆಳಕು ರನ್‌ವೇಯ ಮೇಲಿರುವ ಜಿಂಕೆಯನ್ನು ತೋರಿಸುವ ಹೊತ್ತಿಗೆ ತಡವಾಗಿರುತ್ತದೆ.

ಫೈನಲ್‌ನಲ್ಲಿ ಕೆಳಮಟ್ಟಕ್ಕೆ ಬಂದ ಮೇಲೆ ದೀಪ ಆರಿದರೆ ಕೈ ಮೊದಲು ಹೋಗಬೇಕಾದದ್ದು ಥ್ರಾಟಲ್‌ಗೆ, ಮೈಕಿನ ಗುಂಡಿಗೆ ಅಲ್ಲ. ಪೂರ್ಣ ಶಕ್ತಿ ಕೊಟ್ಟು, ಉಪಕರಣಗಳನ್ನು ನೋಡುತ್ತ, ರೆಕ್ಕೆ ಸಮವಾಗಿಟ್ಟು ನೇರವಾಗಿ ಮೇಲೇರಬೇಕು. ಏರಿಕೆ ಸ್ಥಿರವಾದ ಮೇಲೆ ಏಳು ಸಲ ಒತ್ತಬೇಕು. ಒತ್ತಿದ ಕೂಡಲೇ ದೀಪ ಬಂದರೂ ಆ ಲ್ಯಾಂಡಿಂಗನ್ನು ಮುಂದುವರಿಸದೆ ಹೊಸದಾಗಿ ಸರ್ಕ್ಯೂಟ್ ಹಾರಿ ಬರುವುದೇ ಸರಿ.

ಹೊರಡುವಾಗಲೂ ಇದೇ ಎಚ್ಚರ ಬೇಕು. ನೀಲಿ ಟ್ಯಾಕ್ಸಿವೇ ದೀಪಗಳೂ ಹಲವು ಕಡೆ ಇದೇ ಹತೋಟಿಯಲ್ಲಿರುವುದರಿಂದ ಎಂಜಿನ್ ಚಾಲೂ ಆದ ಮೇಲೆ ಒಮ್ಮೆ ಒತ್ತಿ, ಎಂಜಿನ್ ಪರೀಕ್ಷೆಯೆಲ್ಲ ಮುಗಿದು ರನ್‌ವೇ ಪ್ರವೇಶಿಸುವ ಮೊದಲು ಮತ್ತೆ ಒತ್ತಬೇಕು. ಟೇಕ್‌ಆಫ್ ಓಟದ ನಡುವೆ ದೀಪ ಆರದಿರಲಿ ಎಂಬುದು ಒಂದು ಕಾರಣ. ಮೇಲೇರಿದ ಕೆಲವೇ ನಿಮಿಷಗಳಲ್ಲಿ ಎಂಜಿನ್ ತೊಂದರೆಯಿಂದ ಹಿಂದಿರುಗಬೇಕಾಗಿ ಬಂದರೆ ಕೆಳಗೆ ಬೆಳಕಿರಲಿ ಎಂಬುದು ಅದಕ್ಕಿಂತ ದೊಡ್ಡ ಕಾರಣ.

ಗಡಿ ದಾಟಿದರೆ

ಅಮೆರಿಕದ ಈ ಅಂಕಿಗಳನ್ನು ಬೇರೆ ದೇಶಕ್ಕೆ ಹಾಗೆಯೇ ಒಯ್ಯುವಂತಿಲ್ಲ. ಕೆನಡಾದಲ್ಲಿ ಇದರ ಹೆಸರು ಆರ್ಕಲ್, ಅದರಲ್ಲಿ ಎರಡು ಬಗೆ. ಜೆ ಬಗೆಯದಕ್ಕೆ ಐದು ಸೆಕೆಂಡಿನಲ್ಲಿ ಐದು ಕ್ಲಿಕ್. ಕೆ ಬಗೆಯದಕ್ಕೆ ಮೊದಲು ಏಳು, ನಂತರ ಪ್ರಖರತೆ ಹೊಂದಿಸಲು ಏಳು, ಐದು ಅಥವಾ ಮೂರು. ಆಸ್ಟ್ರೇಲಿಯದ ಪಾಲ್ ವ್ಯವಸ್ಥೆ ಪೂರ್ತಿ ಬೇರೆ: ಅಲ್ಲಿ ಚುಟುಕು ಕ್ಲಿಕ್ಕುಗಳ ಬದಲು ಗುಂಡಿಯನ್ನು ತುಸು ಹೊತ್ತು ಒತ್ತಿ ಹಿಡಿದು ಬಿಡುವ ಮೂರು ಸಂಕೇತಗಳು ಬೇಕು. ದೀಪ ಕನಿಷ್ಠ ಅರ್ಧ ಗಂಟೆ ಉರಿಯುತ್ತದೆ, ಆರುವುದಕ್ಕೆ ಹತ್ತು ನಿಮಿಷ ಮೊದಲು ಗಾಳಿಚೀಲದ ದೀಪ ಮಿನುಗತೊಡಗಿ ಎಚ್ಚರಿಸುತ್ತದೆ. ಈ ಎಚ್ಚರಿಕೆಯ ಏರ್ಪಾಡು ಎಲ್ಲ ಕಡೆಯೂ ಇರಬೇಕಿತ್ತು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ದೀಪ ಬಾರದೆ ಹಿಂದಿರುಗಿದಿರಿ, ಅಥವಾ ಇಳಿದ ಮೇಲೆ ಅಂಚಿನ ಸಾಲಿನಲ್ಲಿ ಹಲವು ದೀಪಗಳು ಒಟ್ಟಿಗೆ ಕೆಟ್ಟಿರುವುದನ್ನು ಕಂಡಿರಿ ಎಂದಾದರೆ, ಆ ರಾತ್ರಿಯೇ ನಿಲ್ದಾಣದ ವ್ಯವಸ್ಥಾಪಕರಿಗೆ ತಿಳಿಸಬೇಕು. ಅವರು ಸಿಗದಿದ್ದರೆ ಫ್ಲೈಟ್ ಸರ್ವಿಸ್ ಎಂಬ ಪೈಲಟ್‌ಗಳ ಮಾಹಿತಿ ಸೇವೆಗೆ ಫೋನಿನ ಮೂಲಕ ಹೇಳಬೇಕು. ಯಾವ ರನ್‌ವೇ, ಯಾವ ಫ್ರೀಕ್ವೆನ್ಸಿ, ಎಷ್ಟು ಗಂಟೆಗೆ, ಎಷ್ಟು ದೂರದಿಂದ ಒತ್ತಿದಿರಿ ಎಂಬ ನಾಲ್ಕು ವಿವರ ಕೊಟ್ಟರೆ ಅವರು ವಿಷಯವನ್ನು ಪರಿಶೀಲಿಸಿ ನೋಟಾಮ್ ಹೊರಡಿಸಲು ಅನುಕೂಲವಾಗುತ್ತದೆ.